ಅಪ್ಪನ ಎಡಗೈ

ಅಂದು ಅಪ್ಪನಿಗಾಗಿ ಕಟ್ಟಿದ ನೂಲು ಹಳದಿ ಎಂದು ನಾನು, ಕೆಂಪು ಎಂದು ಅವ್ವ. ಇವತ್ತು ಅವಳು ಕುಪ್ಪಸಕ್ಕೆ ಹುಕ್ಕು ಹಚ್ಚಿ ಹಲ್ಲಿನಿಂದ ದಾರ ಕಡಿದಾಗ ನಮ್ಮ ಈ ಹಳೆಯ ಜಗಳ ಮತ್ತೆ ಎದ್ದಿತು. ಮುಂದೆ ಹೇಳುವುದರಲ್ಲಿ ಬಣ್ಣವಷ್ಟೇ ಅಲ್ಲ, ಬೇರೆಯದೂ ತಪ್ಪಿರಬಹುದು, ಸೈರಿಸಿಕೊಳ್ಳಿ.

ಎಪ್ಪತ್ತರ ದಶಕದ ಕೊನೆ. ಇಚಲಕರಂಜಿಯಲ್ಲಿ ನಮ್ಮವು ನಾಲ್ಕು ಪಾವರ್‌ಲೂಮ್. ಲಕ್ವ ಹೊಡೆದು ಅಪ್ಪನ ಎಡಗೈ ಮುಷ್ಟಿಗಟ್ಟಿ ಕೂತಿತ್ತು. ಬೆರಳು ಬಿಚ್ಚಿ ಮುಚ್ಚುವುದನ್ನು ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದರು. ಮಗ್ಗದ ಸದ್ದಿನಲ್ಲಿ ಅಪ್ಪನಿಗೆ ಅದು ನೆನಪಾಗುತ್ತಿರಲಿಲ್ಲ. ನಾವು ನೆನಪಿಸಿದರೆ ಸಿಟ್ಟು. ಕೊಲ್ಹಾಪುರದಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆ ಹಾಕಿ ಮನೆಗೆ ಬಂದವಳು ಒಂದು ಉಪಾಯ ಹೂಡಿದೆ. ಅಪ್ಪ ಮುಟ್ಟುವ ರೇಡಿಯೋ, ತಂಬಿಗೆ, ಚಪ್ಪಲಿ ಎಲ್ಲಕ್ಕೂ ನೂಲಿನ ತುಂಡು ಕಟ್ಟಿದೆ. ಕಂಡಾಗಲೆಲ್ಲ ಹತ್ತು ಸಲ ಬೆರಳು ಬಿಚ್ಚಬೇಕು.

ನೇಕಾರನ ಕಣ್ಣಿಗೆ ಜೋತುಬಿದ್ದ ಎಳೆ ಎಂದರೆ ಬಟ್ಟೆಯ ದೋಷ. ಸಂಜೆಯೊಳಗೆ ಎಲ್ಲವನ್ನೂ ಕಿತ್ತಿದ್ದ.

"ಅಪ್ಪಾ, ದಾರ ಎಲ್ಲಿ?"

"ಯಾವ ದಾರ? ಕಸ ಜೋತಿತ್ತು, ತಗದೆ."

ಅವ್ವ ನಕ್ಕಳು. "ನೇಕಾರಗ ದಾರ ತೋರಸ್ತಾಳ, ಕಾಲೇಜ ಕಲ್ತಾಕಿ!"

ಮರುದಿನ ಒಂದೇ ಕೈಯಿಂದ ಬಿಚ್ಚಲಾಗದ ಗಂಟು ಹಾಕಿ ಕತ್ತರಿ ಬಚ್ಚಿಟ್ಟೆ. ಅಪ್ಪ ಬೈಯುತ್ತ ಎಡಗೈಯನ್ನೂ ಎಳೆದುತಂದು ಗುದ್ದಾಡಿದ. ಅದೇ ವ್ಯಾಯಾಮವಾಯಿತು. ನಾನು ದಿನಾ ಕಟ್ಟಿದೆ, ಅವನು ದಿನಾ ಬಿಚ್ಚಿದ.

ಅಪ್ಪನ ಸಂಕಟ ಮಗ್ಗದ್ದಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಪೂಜಿಸಬೇಕು. ಮೂರು ತಿಂಗಳಿಂದ ಮಣೆಯ ಮೇಲಿಟ್ಟು ಪೂಜಿಸುತ್ತ, ಅರೆಹೊಟ್ಟೆಯಲ್ಲೇ ಊಟ ಬಿಟ್ಟೇಳುತ್ತಿದ್ದ. ಶ್ರಾವಣದ ಮೊದಲ ಸೋಮವಾರ ಹೇಳಿಬಿಟ್ಟ:

"ಇವತ್ತ ಅಂಗೈಯಾಗ ಹಿಡೀತೇನಿ. ಯಾರೂ ಕೈ ಹಚ್ಚಬ್ಯಾಡ್ರಿ. ಬಿದ್ದರ, ಇನ್ನ ಮ್ಯಾಲೆ ನಾ ಪೂಜಿಗೆ ಕೂಡಾಂವಲ್ಲ."

"ಇನ್ನೊಂದ ವಾರ ತಡೀರಿ…" ಅಂದಳು ಅವ್ವ.

"ಸುಮ್ಮ ಕೂಡ."

ಅವ್ವ ಸೆರಗು ಹರಡಿಕೊಂಡು ಅವನಿಗೆ ತಾಗಿಯೇ ಕೂತಳು. ನಾನು ಬಾಗಿಲಲ್ಲಿ ನಿಂತೆ. ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಬಲಗೈಯಿಂದ ಲಿಂಗವನ್ನು ಇಟ್ಟ. ಅಂಗೈ ನಡುಗಿತು, ಒಂದು ಕಡೆ ವಾಲಿತು. ನಾನು ಕಣ್ಣು ಮುಚ್ಚಿದ್ದೆನೋ ಏನೋ. ಮತ್ತೆ ನೋಡಿದಾಗ ಕೈ ಸ್ಥಿರವಾಗಿತ್ತು.

ಅಂದು ಅಪ್ಪ ಎರಡು ರೊಟ್ಟಿ ಹೆಚ್ಚೇ ಉಂಡ. ಡೈರಿಯಲ್ಲಿ ನಾನು "ಅಪ್ಪ ತಾನೇ ಹಿಡಿದ" ಎಂದು ಬರೆದೆ, ನಾನೇ ಗೆದ್ದವಳಂತೆ. ಆ ಸಾಲನ್ನು ಈಗ ಓದಿದರೆ ನನ್ನ ಮೇಲೇ ಅನುಮಾನ. ಕಣ್ಣಮುಂದೆ ಬರುವುದು ಅಪ್ಪನ ಅಂಗೈಯಲ್ಲ, ಅದರಡಿಗೆ ಸರಿದ ಅವ್ವನ ಸೆರಗು.

ಅಪ್ಪ ಈಗಿಲ್ಲ. ಇವತ್ತು ಧೈರ್ಯ ಮಾಡಿ ಅವ್ವನನ್ನು ಕೇಳಿದೆ. ಅವಳು ಸೂಜಿಗೆ ಮತ್ತೆ ದಾರ ಪೋಣಿಸಿ ಇನ್ನೊಂದು ಹುಕ್ಕು ಹಚ್ಚತೊಡಗಿದಳು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಅವತ್ತ ಅಪ್ಪನ ಕೈ ಕೆಳಗ ನಿನ್ನ ಕೈ ಇತ್ತೇನ?"