ಮೋಡ ಓಡಿಸುವ ಫ್ಯಾನು

ಉಚ್ಚಂಗಿದುರ್ಗದಾಚೆ ಗುಡ್ಡದ ಮೇಲೆ ಕರೆಂಟು ತಯಾರಿಸುವ ನಮ್ಮ ಕಂಪನಿಯ ಗಾಳಿ ಫ್ಯಾನುಗಳಿವೆ. ಊರವರ ತಕರಾರು ಕೇಳುವುದು ನನ್ನ ಕೆಲಸ. ಎಲ್ಲಿ ಹೋದರೂ ಒಂದೇ ದೂರು. ಅವತ್ತು ರಸ್ತೆ ಬದಿ ಹೊಲದಲ್ಲಿದ್ದ ಹನುಮಕ್ಕನೂ ಅದನ್ನೇ ಅಂದರು: "ಫ್ಯಾನು ಮೋಡ ಓಡಿಸ್ತಾವ್ರಿ. ಅವು ಬಂದ್ ಮ್ಯಾಲೆ ನಮ್ ಕೆರಿ ತುಂಬಿಲ್ಲ ನೋಡ್ರಿ."

ಸುಳ್ಳೆಂದು ಯಂತ್ರದ ಬಾಯಲ್ಲೇ ಹೇಳಿಸಿಬಿಡೋಣ ಅಂತ ಫೋನಿನ ಎಐಗೆ ಆಕೆಯ ಮಾತನ್ನು ಹಾಗೆಯೇ ಒಪ್ಪಿಸಿ, ನಿಜವೋ ಸುಳ್ಳೋ ಎಂದೆ.

"ಫ್ಯಾನು ಮೋಡ ಓಡಿಸುತ್ತದೆ ಎನ್ನಲು ಆಧಾರವಿಲ್ಲ" ಎಂದಿತು. ನಾನು ಗೆದ್ದವನಂತೆ ನಕ್ಕೆ. ಅದು ಅಲ್ಲಿಗೆ ನಿಲ್ಲಿಸಲಿಲ್ಲ. "ಆದರೆ ಕೆರೆ ತುಂಬಿಲ್ಲ ಎಂಬುದು ಬೇರೆ ಮಾತು. ಮಳೆ ಬಂದರೂ ಕೆರೆ ತುಂಬದಿರಬಹುದು. ಫ್ಯಾನು ಸಾಗಿಸಲು ಹೊಸ ರಸ್ತೆ ಹಾಕಿದಾಗ ನೀರು ಬರುವ ದಾರಿ ಮುಚ್ಚಿತೇ? ಅವರನ್ನೇ ಕೇಳಿ."

ಇಷ್ಟು ದಿನ ಊರೂರಲ್ಲಿ ಮೋಡದ ಬಗ್ಗೆ ವಾದಿಸಿದ್ದೆ. ಕೆರೆ ಅನ್ನೋ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

ಹನುಮಕ್ಕ ಫೋನನ್ನೇ ದಿಟ್ಟಿಸಿದರು. "ಮುಚ್ಚೈತ್ರಿ, ಹಳ್ಳಕ್ಕ ಮಣ್ಣು ಹಾಕ್ಯಾರ. ಇದಕ್ಕ ಹೆಂಗ ಹೊಳೀತ್ರಿ?"

"ಎಲ್ಲಿ ಹಾಕ್ಯಾರ?"

"ನಿಮ್ ಜೀಪು ನಿಂತೈತಲ್ರಿ, ಅಲ್ಲೇ."

ತಕ್ಷಣ ಆ ಮಣ್ಣಿನ ಮೇಲಿಂದ ಜೀಪು ತೆಗೆದೆ. ಅದೊಂದನ್ನು ತೆಗೆಯುವ ಅಧಿಕಾರವಷ್ಟೇ ನನಗಿತ್ತು.