ನೀರಜಾ ಆಂಟಿಯ ಕನ್ನಡ ನೋಟ್‌ಬುಕ್

ನೀರಜಾ ಆಂಟಿ ಕನ್ನಡ ಅಕ್ಷರವನ್ನು ಬೀಗ ಎಂದುಕೊಂಡಿದ್ದರು. ಆ ಬೀಗದ ಕೀಲಿಯನ್ನು ಭಾನುವಾರ ಭಾನುವಾರ ಊರ ಮಕ್ಕಳಿಗೆಲ್ಲ ತಾವೇ ಹಂಚಿದ್ದು ಮಾತ್ರ ಅವರಿಗೆ ಹೊತ್ತಿಗೆ ನೆನಪಾಗಲಿಲ್ಲ. ಆದ ಅನಾಹುತವೆಲ್ಲ ಅಲ್ಲಿಂದ ಶುರು.

ಅವರ ಕೆಲಸ ಲಾಸ್ ಏಂಜಲೀಸಿನ ಪಕ್ಕದ ಒಂದು ಸಣ್ಣ ನಗರದ ಪೊಲೀಸ್ ಇಲಾಖೆಯಲ್ಲಿ. ನಗರದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಜಗಳಕ್ಕೆ ಬಂದಾರು. ನೀರಜಾ ಪೊಲೀಸಲ್ಲ. ಜನ ಕಷ್ಟದಲ್ಲಿ 911ಕ್ಕೆ ಫೋನ್ ಮಾಡಿದರೆ ಎತ್ತಿಕೊಂಡು, ಎಲ್ಲಿದ್ದೀರಿ, ಏನಾಯಿತು ಎಂದು ಕೇಳಿ, ಪೊಲೀಸ್ ಕಾರನ್ನೋ ಆಂಬ್ಯುಲೆನ್ಸನ್ನೋ ಕಳಿಸುವ ಡಿಸ್ಪ್ಯಾಚರ್. ಹದಿನಾಲ್ಕು ವರ್ಷದ ಸರ್ವಿಸು. ಗಂಡ ರಾಜೀವ್ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಟೆಲಿಕಾಂ ಇಂಜಿನಿಯರ್. ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಂದು ನಾಲ್ಕು ಜನ ಸೇರಿದ ಕಡೆ ಯಾರಾದರೂ ಕೇಳಿದರೆ ರಾಜೀವ್, "ಇವಳು ಸಿಟಿ ಆಫೀಸಲ್ಲಿದಾಳೆ" ಎಂದು ಮಾತು ತಿರುಗಿಸುತ್ತಿದ್ದ. ಪೊಲೀಸ್ ಸ್ಟೇಷನ್ ಅನ್ನುವ ಶಬ್ದ ನಮ್ಮವರ ಊಟದ ಸಾಲಿಗೆ ಹೊಂದುವುದಿಲ್ಲ ನೋಡಿ. ನೀರಜಾ ಬಾಯಿಬಿಟ್ಟು ಏನೂ ಹೇಳದಿದ್ದರೂ, ಆ ಕೆಲಸ ಅವರಿಗೆ ಪ್ರಾಣ.

ಕಿಟಕಿಯಿಲ್ಲದ ಕೋಣೆ, ಆರು ಕುರ್ಚಿ. 2020ರ ಆಮೇಲೆ ಅದರಲ್ಲಿ ಎರಡು ಸದಾ ಖಾಲಿ. ಬಿಟ್ಟುಹೋದವರ ಜಾಗಕ್ಕೆ ಹೊಸಬರು ಬರಲಿಲ್ಲ. ಹನ್ನೆರಡು ಗಂಟೆ ದುಡಿದು ಇನ್ನೇನು ಬ್ಯಾಗು ಹೆಗಲಿಗೇರಿಸಬೇಕು, ಸೂಪರ್‌ವೈಸರ್ ಬಂದು ಇನ್ನೂ ನಾಲ್ಕು ಗಂಟೆ ಕೂರಬೇಕು ಅನ್ನುತ್ತಿದ್ದಳು. ಆಗಲ್ಲ ಅನ್ನುವಂತಿಲ್ಲ. ಮನೆಗೆ ಹೋಗಿ ಬಿದ್ದುಕೊಂಡರೆ ಆರೇ ಗಂಟೆಯಲ್ಲಿ ಮತ್ತೆ ಕರೆ ಬಂದದ್ದೂ ಉಂಟು. ಎಲ್ಲರಿಗಿಂತ ಹೆಚ್ಚು ಸಾಯುತ್ತಿದ್ದವಳು ಪಕ್ಕದ ಕುರ್ಚಿಯ ಮರಿಸೆಲ್. ಫಿಲಿಪ್ಪೀನ್ಸ್ ಮೂಲದವಳು, ನೀರಜಾಗಿಂತ ಎರಡು ವರ್ಷ ಚಿಕ್ಕವಳು. ಅವಳ ಮನೆ ಪಾಮ್‌ಡೇಲ್‌ನಲ್ಲಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಡ್ರೈವು. ಒಮ್ಮೆ ಅವಳು ಫ್ರೀವೇಯಲ್ಲಿ ತೂಕಡಿಸಿ ಕಾರನ್ನು ಕಟ್ಟೆಗೆ ಉಜ್ಜಿ, ಬಾಗಿಲು ತರಚಿಕೊಂಡು ಬಂದಿದ್ದಳು. ಅದನ್ನು ಬಂದು ಹೇಳಿದ್ದು ನೀರಜಾಗೆ ಒಬ್ಬರಿಗೇ.

ಹೀಗಿರುವಾಗ 2023ರ ವಸಂತದಲ್ಲಿ ಹೊಸ ಒಪ್ಪಂದದ ಮಾತುಕತೆ ಬಂತು. ಒಂದು ಕಡೆ ಪೊಲೀಸರ ಯೂನಿಯನ್ನು, ಇನ್ನೊಂದು ಕಡೆ ನಗರದ ಅಧಿಕಾರಿಗಳು. ಡಿಸ್ಪ್ಯಾಚರುಗಳೂ ಅದೇ ಯೂನಿಯನ್ನಿನವರು. ಅವರ ಪರವಾಗಿ ಮೇಜಿಗೆ ಕೂರಲು ಯೂನಿಯನ್ ಅಧ್ಯಕ್ಷ, ಸಾರ್ಜೆಂಟ್ ಕೀತ್, ನೀರಜಾ ಮತ್ತು ಮರಿಸೆಲ್ ಇಬ್ಬರನ್ನು ಆರಿಸಿದ. ನೀರಜಾರನ್ನು ಆರಿಸಿದ್ದಕ್ಕೆ ಕಾರಣ ಅವರ ನೋಟ್‌ಬುಕ್. ಯಾರನ್ನು ಯಾವ ದಿನ ಎಷ್ಟು ಹೊತ್ತು ಹಿಡಿದು ಕೂರಿಸಿದರು ಎಂಬುದನ್ನೆಲ್ಲ ಮೂರು ವರ್ಷದಿಂದ ಅವರು ಕನ್ನಡದಲ್ಲಿ ಬರೆದಿಟ್ಟಿದ್ದರು. ಯೂನಿಯನ್ನಿನ ಒಳಮಾತೂ ಅದರಲ್ಲೇ ಸೇರತೊಡಗಿತು. ಕೀತ್ ಅದನ್ನು ನೋಡಿ, "ನಮ್ಮ ತಿಜೋರಿ ಇದು. ಎದುರಿಗಿಟ್ಟರೂ ಯಾವನಿಗೂ ತೆರೆಯೋಕಾಗಲ್ಲ" ಎಂದು ನಗುತ್ತಿದ್ದ. ನೀರಜಾ ಆ ಮಾತಿಗೆ ಹಿಗ್ಗಿ ಹೀರೇಕಾಯಿಯಾದರು. ಐವತ್ತಮೂರು ವರ್ಷದ ಹೆಂಗಸಿಗೆ ಆಫೀಸಿನಲ್ಲಿ ಅಂಥ ಮಾತು ಹೇಳುವವರು ಎಷ್ಟು ಜನ?

ಬೇಡಿಕೆ ಸರಳ. ಒಂದು ಪಾಳಿ ಮುಗಿದ ಮೇಲೆ ಇನ್ನೊಂದು ಪಾಳಿಗೆ ಕರೆಯುವ ಮುಂಚೆ ಇಷ್ಟು ಗಂಟೆ ಬಿಡುವು ಕೊಡಲೇಬೇಕು. ಕೇಳುವುದು ಹನ್ನೆರಡು. ಹತ್ತು ಸಿಕ್ಕರೆ ಗೆದ್ದ ಹಾಗೆ. ಏನೂ ಗತಿಯಿಲ್ಲದಿದ್ದರೆ ಕೊನೆಗೆ ಎಂಟು. ಈ ಎಂಟರ ಗುಟ್ಟು, ಮೇಜಿಗೆ ಕೂರುವ ಯೂನಿಯನ್ನಿನ ನಾಲ್ಕು ಜನ ಬಿಟ್ಟು ಬೇರೆಯವರಿಗೆ ಗೊತ್ತಾಗಕೂಡದು. ನೀರಜಾ ನೋಟ್‌ಬುಕ್ಕಿನ ಬಲಗಡೆ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದರು: ೧೨, ೧೦, ೮. ಎಂಟರ ಕೆಳಗೆ ಎರಡು ಗೆರೆ ಎಳೆದರು.

ಸಿಟಿ ಹಾಲಿನ ಉದ್ದ ಮೇಜಿನ ಆಚೆ ಬದಿಯಲ್ಲಿ ನಗರದ ವಕೀಲ, ಸಿಬ್ಬಂದಿ ವಿಭಾಗದ ಮೇಡಂ, ಅವರ ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡ ಒಬ್ಬ ಇಪ್ಪತ್ತೇಳರ ಯುವಕ. ನೀರಜಾ ನೋಡುತ್ತಾರೆ, ಸುಮಂತ್! ಕಲ್ವರ್ ಸಿಟಿಯ ಆರತಿಯ ಮಗ. ಇಲ್ಲೇ ಹುಟ್ಟಿದವನು. ಒಂಬತ್ತು ವರ್ಷದವನಿದ್ದಾಗ ನೀರಜಾರ ಭಾನುವಾರದ ಕನ್ನಡ ಕ್ಲಾಸಿಗೆ ಅಳುತ್ತ ಬಂದು, ಎರಡು ವರ್ಷ ಅಳುತ್ತಲೇ ಕಲಿತಿದ್ದ. ಅಕ್ಷರ ಅವನ ತಲೆಗೆ ಹತ್ತಲೇ ಇಲ್ಲ. ಹತ್ತಿದ್ದು ಅಂಕಿ. ನೀರಜಾ ಪಾರ್ಕಿಂಗ್ ಲಾಟಿನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆದು, ಒಂದೊಂದು ಮನೆಗೂ ಕನ್ನಡ ಅಂಕಿ ಹಾಕಿ, ಮಕ್ಕಳು ಅದನ್ನು ಕೂಗಿಕೊಂಡು ಕುಂಟುವಂತೆ ಮಾಡಿದ್ದರು. ಅದರಲ್ಲಿ ಬಹುಮಾನ ಬಂದಿದ್ದು ಸುಮಂತ್‌ಗೆ.

ಹನ್ನೊಂದು ಗಂಟೆಗೆ ಬ್ರೇಕ್ ಬಂತು. ಎರಡೂ ಕಡೆಯವರು ಕಾಫಿ ಇಟ್ಟಿದ್ದ ಮೂಲೆಗೆ ಹೋದರು. ನೀರಜಾ ತಮ್ಮವರಿಗೆಂದು ಡಬ್ಬಿಯಲ್ಲಿ ಕೋಡುಬಳೆ ತಂದಿದ್ದರು. ಸುಮಂತ್ ದೂರದಲ್ಲಿ ಒಬ್ಬನೇ ನಿಂತಿದ್ದ. ಪರಿಚಯದ ಮನೆಯ ಹುಡುಗ ನೋಡುತ್ತ ನಿಂತಿರುವಾಗ ಡಬ್ಬಿ ಮುಚ್ಚಿಡುವ ಜಾಯಮಾನ ನಮ್ಮ ಹೆಂಗಸರದಲ್ಲ. ಹೋಗಿ ಎರಡು ಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇಷ್ಟರಿಕೆಯ ತುರಿಕೆ ಬಿಡಬೇಕಲ್ಲ!

"ಕನ್ನಡ ನೆನಪಿದೆಯೇನೋ?" ಎಂದರು.

"ಸಾರಿ ಆಂಟಿ. ಐ ಫರ್ಗಾಟ್ ಎವ್ರಿಥಿಂಗ್."

"ಎಲ್ಲಾ ಮರ್ತ್‌ಬಿಟ್ಯಾ? ಎರಡು ವರ್ಷ ನಾನು ಗಂಟಲು ಹರ್ಕೊಂಡಿದ್ದು ಯಾತಕ್ಕೆ? ಬಾ ಇಲ್ಲಿ."

ಹೀಗೆಂದು ಯೂನಿಯನ್ನಿನ ನೋಟ್‌ಬುಕ್ಕನ್ನೇ ತೆಗೆದು ಅವನೆದುರು ಬಿಚ್ಚಿದರು. ಬುದ್ಧಿ ಪೂರ್ತಿ ಮಂಕಾಗಿರಲಿಲ್ಲ. ಬಲಗಡೆ ಹಾಳೆಯ ಮೇಲೆ ಅಂಗೈ ಒತ್ತಿಟ್ಟು, ಎಡಗಡೆಯ ಮೊದಲ ಸಾಲಿಗೆ ಬೆರಳಿಟ್ಟರು. ಅಲ್ಲಿದ್ದದ್ದು ಬರೀ ವಾರದ ಹೆಸರು. ಹುಡುಗ ಬಗ್ಗಿ, ಹುಬ್ಬು ಗಂಟಿಕ್ಕಿ, ಒಂದೊಂದೇ ಅಕ್ಷರ ಹೆಕ್ಕತೊಡಗಿದ. "ಶು... ಕ್... ಕ್ರ... ವಾ... ರ. ಶುಕ್ರವಾರ?"

ಒತ್ತಕ್ಷರವನ್ನೂ ಬಿಡದೆ ಓದಿದ್ದ. ನೀರಜಾಗೆ ಕಣ್ಣು ತುಂಬಿ ಬಂತು. ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಬಲಗಡೆ ಹಾಳೆ ಒತ್ತಿ ಹಿಡಿದಿದ್ದ ಕೈಯೂ ಎದ್ದಿತು. ಮೂರು ಚಪ್ಪಾಳೆ ಹೊಡೆದು ಮತ್ತೆ ಕೈ ಇಟ್ಟಾಗ ಅವರಿಗೆ ಅದೇನೂ ತೋಚಲೇ ಇಲ್ಲ. ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದ ಮರಿಸೆಲ್ ಇವರ ಸಡಗರ ನೋಡಿ ನಕ್ಕಳು.

ಬ್ರೇಕ್ ಮುಗಿಯಿತು. ಸುಮಂತ್ ಒಂದು ಚೀಟಿ ಬರೆದು ಮೇಡಂ ಕಡೆ ಸರಿಸಿದ. ಮೇಡಂ ವಕೀಲನ ಕಿವಿಯಲ್ಲಿ ಏನೋ ಅಂದರು. ಬೆಳಿಗ್ಗೆಯೆಲ್ಲ ಗಂಟೆಯ ಮಾತೇ ಬೇಡ ಅನ್ನುತ್ತಿದ್ದ ವಕೀಲ ಕನ್ನಡಕ ಏರಿಸಿ, "ಎಂಟು ಗಂಟೆ. ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ನೀವು ಇದಕ್ಕೆ ಒಪ್ಪುತ್ತೀರಿ ಅಂತ ನಮಗೆ ಗೊತ್ತು" ಎಂದ.

ಕೀತ್‌ನ ಮುಖ ಕೆಂಪಾಯಿತು. ನೀರಜಾ ಸುಮಂತ್‌ನ ಕಡೆ ನೋಡಿದರು. ಅವನು ಲ್ಯಾಪ್‌ಟಾಪ್ ಬಿಟ್ಟು ಕಣ್ಣೆತ್ತಲಿಲ್ಲ. ಆಗ ಅರ್ಥವಾಯಿತು. ನಾಚಿಕೆಗೇಡಿನ ಸಂಗತಿ ಯಾವುದು ಗೊತ್ತೇ? ಆ ಕ್ಷಣ ಅವರಿಗೆ ಮೊದಲು ಆದದ್ದು ಸಂತೋಷ. ಹದಿನಾರು ವರ್ಷದ ಮೇಲೂ ಹುಡುಗನಿಗೆ ಅಂಕಿ ಮರೆತಿಲ್ಲವಲ್ಲ ಎಂದು ಎದೆ ಉಬ್ಬಿತು. ಪಕ್ಕದಲ್ಲಿ ಮರಿಸೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅದನ್ನು ಕಂಡ ಮೇಲೆ ಸಂತೋಷ ಇಳಿದು, ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಒಪ್ಪಂದ ಎಂಟಕ್ಕೇ ಆಯಿತು. ಎಂಟು ಗಂಟೆಯಲ್ಲಿ ಪಾಮ್‌ಡೇಲಿಗೆ ಹೋಗಿ ಬರುವ ಮೂರು ಗಂಟೆ ಕಳೆಯಿರಿ, ಸ್ನಾನ, ಅಡುಗೆ, ಬಟ್ಟೆ ಕಳೆಯಿರಿ. ಉಳಿದದ್ದರಲ್ಲಿ ಮರಿಸೆಲ್ ನಿದ್ದೆ ಮಾಡಬೇಕು.

ಮಾರನೆಯ ದಿನ ಕೀತ್ ಉಳಿದ ಮೂವರನ್ನೂ ಕೂರಿಸಿಕೊಂಡು, "ನಮ್ಮೊಳಗಿನ ಮಾತು ಹೊರಗೆ ಹೋಗಿದೆ. ಯಾರು?" ಎಂದು ಕೇಳಿದ. ನೀರಜಾ ಹೇಳಬೇಕು ಎಂದು ಬಾಯಿ ತೆರೆದರು. ಆದರೆ ತಿಜೋರಿ ಎಂದವನ ಎದುರಿಗೆ, ನಾನು ಒಬ್ಬ ಹುಡುಗನಿಗೆ ವಾರದ ಹೆಸರು ಓದಿಸಲು ಹೋಗಿ ಹೀಗಾಯಿತು ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ನಾಲ್ಕನೆಯವನು, ಗಸ್ತಿನ ಒಬ್ಬ ಆಫೀಸರ್, ಮರಿಸೆಲ್‌ಳ ಕಸಿನ್ ಸಿಟಿ ಹಾಲಿನ ಕೌಂಟರಿನಲ್ಲಿದ್ದಾಳಲ್ಲ, ಹಿಂದಿನ ವಾರ ಇಬ್ಬರೂ ಜೊತೆಗೆ ಊಟ ಮಾಡಿದರಲ್ಲ ಎಂದ. ಎಲ್ಲರೂ ಮರಿಸೆಲ್ ಕಡೆ ತಿರುಗಿದರು. ಅವಳು ಒಂದು ಗಳಿಗೆ ನೀರಜಾರನ್ನೇ ನೋಡಿದಳು. ಆಮೇಲೆ, "ನಾನಲ್ಲ" ಎಂದಷ್ಟೇ ಹೇಳಿ ಎದ್ದು ಹೋದಳು. ನೀರಜಾ ತೆರೆದ ಬಾಯಿ ಮುಚ್ಚಿಕೊಂಡರು.

ನಾಳೆ ಹೇಳುತ್ತೇನೆ ಎಂದುಕೊಂಡರು. ನಾಳೆ ಬಂತು, ವಾರ ಬಂತು. ಡಿಸ್ಪ್ಯಾಚ್ ಕೋಣೆಯಲ್ಲಿ ಮರಿಸೆಲ್ ಜೊತೆ ಎಲ್ಲರ ಮಾತೂ ನಿಂತುಹೋಯಿತು. ಬ್ರೇಕ್ ರೂಮಿಗೆ ಅವಳು ಬಂದರೆ ಉಳಿದವರು ಟಿಫಿನ್ ಬಾಕ್ಸ್ ಎತ್ತಿಕೊಂಡು ಏಳುತ್ತಿದ್ದರು. ನೀರಜಾ ಏಳುತ್ತಿರಲಿಲ್ಲ, ಹಾಗೆಂದು ಪಕ್ಕದಲ್ಲಿ ಹೋಗಿ ಕೂರಲೂ ಇಲ್ಲ. ಅದನ್ನೇ ದೊಡ್ಡ ಒಳ್ಳೆಯತನ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಮೂರು ತಿಂಗಳಿಗೆ ಮರಿಸೆಲ್ ಕೆಲಸ ಬಿಟ್ಟು ಸ್ಯಾನ್ ಡಿಯಾಗೋದಲ್ಲಿರುವ ಅಕ್ಕನ ಮನೆಗೆ ಹೋದಳು.

ಮುಂದಿನ ಯುಗಾದಿಯ ಊಟದಲ್ಲಿ ಸುಮಂತ್ ಸಿಕ್ಕಿದ. ಪ್ಲೇಟು ಹಿಡಿದುಕೊಂಡು ಹತ್ತಿರ ಬಂದು, "ಆಂಟಿ, ಐ ವಾಸ್ ಜಸ್ಟ್ ಡೂಯಿಂಗ್ ಮೈ ಜಾಬ್" ಎಂದ. ಅವನಿಗೂ ಒಳಗೆ ಕುಟುಕುತ್ತಿದ್ದಿರಬೇಕು. ಬೈಯಲು ನೀರಜಾಗೆ ಯಾವ ಯೋಗ್ಯತೆ ಇತ್ತು? ಅವನು ತನ್ನ ಕಡೆಯವರಿಗೆ ನಿಯತ್ತಾಗಿದ್ದ. "ಹೋಳಿಗೆ ಹಾಕಿಸ್ಕೊಂಡ್ಯೇನೋ?" ಎಂದು ಕೇಳಿ, ಕೈ ತೊಳೆಯುವ ನೆಪ ಮಾಡಿ ಎದ್ದರು.

ಮಗಳು ಸಿಂಧೂರ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿದ್ದು ರಿಸರ್ಚ್ ಮಾಡುತ್ತಾಳೆ. 2024ರ ಬೇಸಿಗೆಯ ಒಂದು ಶನಿವಾರ ನೀರಜಾ ಅವಳನ್ನು ನೋಡಲು ಹೋದರು. ಮಧ್ಯಾಹ್ನ ಅನ್ನ ಕಲಸುತ್ತ ಕಲಸುತ್ತ ಮಗಳಿಗೆ ಎಲ್ಲವನ್ನೂ ಹೇಳಿಬಿಟ್ಟರು. ಸಿಂಧೂರ ಚಮಚ ಕೆಳಗಿಟ್ಟು, "ಅಮ್ಮಾ, ವೈ ಆರ್ ಯೂ ಟೆಲಿಂಗ್ ಮಿ?" ಎಂದಳು. ಅಷ್ಟೇ ಅಂದದ್ದು. ನೀರಜಾ ಕೈ ತೊಳೆದು, ಮರಿಸೆಲ್‌ಗೆ ಮೆಸೇಜ್ ಹಾಕಿ, ಕಾರು ಹತ್ತಿದರು.

ಮರಿಸೆಲ್ ಅಕ್ಕನ ಮನೆಯ ಹಿಂದಿನ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದಳು. ನಿದ್ದೆ ಕಂಡ ಮುಖ; ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ನೀರಜಾ ನಿಂತಲ್ಲೇ ಶುರುಮಾಡಿದರು. ಕೋಡುಬಳೆ, ಶುಕ್ರವಾರ, ಚಪ್ಪಾಳೆ. ಮರಿಸೆಲ್ ನಲ್ಲಿ ನಿಲ್ಲಿಸಿದಳು.

"ಗೊತ್ತು. ನಾನು ಅಲ್ಲೇ ನಿಂತಿದ್ದೆ, ನೀರಜಾ. ನೀನು ಕೈ ಎತ್ತಿದ್ದು ನೋಡಿದೆ. ಅವನ ಕಣ್ಣು ಎಲ್ಲಿಗೆ ಹೋಯ್ತು ಅನ್ನೋದನ್ನೂ ನೋಡಿದೆ."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂದ್ಕೊಂಡೆ. ಅವತ್ತು ಕಾದೆ. ಆ ವಾರ ಪೂರ್ತಿ ಕಾದೆ. ಬ್ರೇಕ್ ರೂಮಲ್ಲಿ ಒಬ್ಬಳೇ ತಿನ್ನುವಾಗ ದಿನಾ ಕಾದೆ. ಕೈ ಎತ್ತಿದ್ದು ತಪ್ಪಲ್ಲ, ಯಾರಿಗಾದ್ರೂ ಆಗಬಹುದು. ಅದನ್ನ ನಾನು ಅವತ್ತೇ ಬಿಟ್ಟೆ."

ನೀರಜಾ ಕ್ಷಮಿಸು ಎಂದರು. ಮರಿಸೆಲ್, "ನಾನು ಮಾಡಿಲ್ಲ ಅನ್ನೋದು ನನಗೆ ಗೊತ್ತಿರೋದೇ. ಗೊತ್ತಿಲ್ಲದವರು ಅಲ್ಲಿದ್ದಾರೆ" ಎಂದು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತಳು.

ನೀರಜಾ ಬ್ಯಾಗಿನಿಂದ ಫೋನ್ ತೆಗೆದರು. ಕೀತ್‌ನ ನಂಬರ್ ಒತ್ತಿ, ಮರಿಸೆಲ್‌ಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಇಬ್ಬರ ನಡುವೆ ಮೇಜಿನ ಮೇಲಿಟ್ಟರು. ರಜೆಯ ದಿನ ಫೋನ್ ಬಂದದ್ದಕ್ಕೆ ಕೀತ್‌ಗೆ ಗಾಬರಿಯಾಗಿರಬೇಕು.

"ನೀರಜಾ? ಎಲ್ಲಿದ್ದೀಯ? ಏನಾಯ್ತು, ಹೇಳು."

ಇದೇ ಪ್ರಶ್ನೆಯನ್ನು ನೀರಜಾ ಹದಿನೈದು ವರ್ಷದಿಂದ ದಿನಕ್ಕೆ ನೂರು ಸಲ ಕೇಳಿದ್ದರು. ಮನೆಗೆ ಬೆಂಕಿ ಬಿದ್ದವರು, ಗಂಡನನ್ನು ಕಳಕೊಂಡವರು, ಕೈಯಾರೆ ತಪ್ಪು ಮಾಡಿದವರು ಕೂಡ ಆ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟಿದ್ದರು. ನೀರಜಾಗೆ ಹದಿನಾಲ್ಕು ತಿಂಗಳು ಬೇಕಾಯಿತು.

"ಸ್ಯಾನ್ ಡಿಯಾಗೋದಲ್ಲಿದ್ದೀನಿ. ಮರಿಸೆಲ್ ಮನೇಲಿ" ಎಂದರು ನೀರಜಾ. "ಆ ಎಂಟು ಹೊರಗೆ ಹೋಗಿದ್ದು ನನ್ನಿಂದ."