ಮಾವಿನ ಕ್ರೇಟಿನಲ್ಲಿ ಸೂಲಗಿತ್ತಿಯ ಕಥೆ

ಇಂದು ಬೆಳಿಗ್ಗೆ ಹತ್ತೂವರೆಗೆ ನಾನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಕ್ರೇಟಿಗೆ ಹಾಸಲು ತಂದ ರದ್ದಿ ರಾಶಿಯ ಪಕ್ಕ ನಿಂತಿದ್ದೆ. ಹಳೆಯ ಆತ್ಮಕಥೆಗಳನ್ನು ಹುಡುಕಿಕೊಂಡು ಬಂದಿದ್ದೆ. ಕಾಯಿ ತುಂಬುವ ಮುನಿರತ್ನಮ್ಮ ಓದು ಬಾರದವರು. ಪುಸ್ತಕವೊಂದರ ಹಾಳೆ ಹರಿದು ಕ್ರೇಟುಗಳಿಗೆ ಹಾಸುತ್ತಿದ್ದರು. ಅದು ಗೌನಿಪಲ್ಲಿಯ ಸೂಲಗಿತ್ತಿಯೊಬ್ಬರು ಹೇಳಿ ಬರೆಸಿದ ಜೀವನಕಥೆ. ಒಳಗಿದ್ದ ಆ ಸೂಲಗಿತ್ತಿಯ ಚಿತ್ರವನ್ನು ಮುನಿರತ್ನಮ್ಮನವರಿಗೆ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. “ನಾನ್ ಹುಟ್ಟಿದ್ದು ಈ ಅವ್ವನ ಕೈಲೇ ಸಾರ್.”

ಅಡಿಯ ಹಾಳೆಗಳನ್ನು ತೆಗೆಯಲು, ತುಂಬಿಟ್ಟಿದ್ದ ಕ್ರೇಟುಗಳನ್ನು ಒಂದೊಂದಾಗಿ ನೆಲಕ್ಕೆ ಸುರಿಯತೊಡಗಿದರು.

“ಲಾರಿ ಹೊರಡ್ಬೇಕಮ್ಮಾ,” ಎಂದು ಮಂಡಿಯ ಯಜಮಾನರು ರೇಗಿದರು.

“ನಿಂತ್ಕೊಳ್ಲಿ ಬಿಡಣ್ಣ. ನಿನ್ನ ಹೊಕ್ಕುಳು ಕುಯ್ದಿದ್ದೂ ಈ ಅವ್ವನೇ.”

ಯಜಮಾನರೂ ಒಂದು ಕ್ರೇಟು ಎತ್ತಿ ಸುರಿದರು. ಮಾವಿನ ಸೊನೆ ಹತ್ತಿದ ಹಾಳೆಗಳೆಲ್ಲ ಸಿಕ್ಕಿದವು. ಅವನ್ನು ನನ್ನ ಕೈಗಿಟ್ಟು ಮುನಿರತ್ನಮ್ಮ ಹೇಳಿದರು: “ಕೊನೇ ಹಾಳೇಲಿ ಬರ್ಕೊಳ್ಳಿ. ಅವ್ವನ ಕೈಲಿ ಹುಟ್ಟಿದ ಮುನಿರತ್ನಮ್ಮ ಇನ್ನೂ ಬದ್ಕವ್ಳೆ. ಈ ಯಜಮಾನನೂ ಬದ್ಕವ್ನೆ.”